ಬಚ್ಚಲಿನ ನೆಲಕ್ಕೆ ಟೈಲ್ಸ್ ಕೂರಿಸುವುದು: ನನ್ನ ಅನುಭವ

ತಟ್ಟಿದಾಗ ಟೊಳ್ಳು ಸದ್ದು ಬಂತೆಂದರೆ ಟೈಲ್ಸ್ ಅಡಿಯಲ್ಲಿ ಅಂಟು ಪೂರ್ತಿ ಹರಡಿಲ್ಲ ಎಂದರ್ಥ. ಬಚ್ಚಲಿನಲ್ಲಿ ಆ ಖಾಲಿ ಜಾಗಕ್ಕೆ ನೀರು ಇಳಿದು ನಿಲ್ಲುತ್ತದೆ, ಸಂದುಗಳು ಕಪ್ಪಾಗುತ್ತವೆ, ಭಾರದ ವಸ್ತು ಬಿದ್ದರೆ ಟೈಲ್ಸ್ ಅಲ್ಲೇ ಬಿರಿಯುತ್ತದೆ. 300×300 ಮಿ.ಮೀ. ಟೈಲ್ಸ್ ಆದರೂ ನಾನು ಹೆಚ್ಚು ಹೊತ್ತು ಕೊಡುವುದು ಅಂಟಿಗೇ.

ವಾಟ, ಅಂದರೆ ನೀರು ಹರಿದುಹೋಗುವ ಇಳಿಜಾರು, ಗಾರೆಯ ನೆಲದಲ್ಲೇ ಇರಬೇಕು, ನೀರು ಹೊರಹೋಗುವ ಜಾಲರಿಯ ಕಡೆಗೆ ಮೀಟರಿಗೆ 10ರಿಂದ 12 ಮಿ.ಮೀ. ಅಂಟನ್ನೇ ದಪ್ಪ ಮಾಡಿ ವಾಟ ತರಲು ಹೋದರೆ ಅದು ಒಣಗುವಾಗ ಕುಗ್ಗಿ ಟೈಲ್ಸನ್ನು ಕೆಳಗೆಳೆಯುತ್ತದೆ. ನೀರು ತಡೆಯುವ ಲೇಪನ ಎರಡು ಕೋಟ್ ಬಳಿದು, ಚೆನ್ನಾಗಿ ಒಣಗಿದ ಮೇಲೆ ಜಾಲರಿ ಮುಚ್ಚಿ 24 ಗಂಟೆ ನೀರು ನಿಲ್ಲಿಸಿ ನೋಡುತ್ತೇನೆ. ಆಮೇಲೆ ಅಂಟಿಲ್ಲದೆ ಒಂದು ಸಲ ಜೋಡಿಸಿ, ಬಾಗಿಲ ಎದುರು ಇಡೀ ಟೈಲ್ಸ್, ಮೂಲೆಗೆ ಕತ್ತರಿಸಿದ ತುಂಡು ಬರುವಂತೆ ದಾರ ಹಿಡಿದು ಗೆರೆ ಹಾಕಿಕೊಳ್ಳುತ್ತೇನೆ. ಕತ್ತರಿಸುವಾಗ ಹಾಳಾಗುವುದಕ್ಕೆ ಶೇ. 10 ಹೆಚ್ಚು ಟೈಲ್ಸ್ ಇರಲಿ.

ವಿಟ್ರಿಫೈಡ್ ಟೈಲ್ಸ್ ತನ್ನ ತೂಕದ ಶೇ. 0.5ರಷ್ಟೂ ನೀರು ಹೀರುವುದಿಲ್ಲ. ಅದನ್ನು ನೆನೆಹಾಕಿ ಫಲವಿಲ್ಲ, ಬರೀ ಸಿಮೆಂಟ್ ಹಾಲು ಅದಕ್ಕೆ ಕಚ್ಚುವುದೂ ಇಲ್ಲ. ಪಾಲಿಮರ್ ಬೆರೆತ ಟೈಲ್ಸ್ ಅಂಟೇ ಬೇಕು. ಬಕೆಟ್ಟಿಗೆ ಮೊದಲು ನೀರು, ಚೀಲದ ಮೇಲೆ ಬರೆದಷ್ಟೇ, ಅಳೆದು, ಆಮೇಲೆ ಪುಡಿ. ಕಲಸಿ 5ರಿಂದ 10 ನಿಮಿಷ ಬಿಟ್ಟು ಮತ್ತೊಮ್ಮೆ ಕಲಸಬೇಕು. ಕೆಲಸದ ನಡುವೆ ಗಟ್ಟಿಯಾದರೆ ನೀರು ಹಾಕಿ ಸಡಿಲ ಮಾಡುವುದು ಬೇಡವೇ ಬೇಡ, ಎಸೆಯಿರಿ.

ಕರಣೆಯ ನುಣುಪು ಅಂಚಿನಿಂದ ತೆಳುವಾಗಿ ಒತ್ತಿ ಸವರಿ, ಅದರ ಮೇಲೆ 8 ಮಿ.ಮೀ. ಹಲ್ಲಿನ ಕರಣೆಯನ್ನು ಒಂದೇ ದಿಕ್ಕಿನಲ್ಲಿ ಎಳೆಯುತ್ತೇನೆ. ಸುತ್ತುಸುತ್ತಾಗಿ ಎಳೆದರೆ ಗಾಳಿ ಒಳಗೇ ಸಿಕ್ಕಿಕೊಳ್ಳುತ್ತದೆ. ಟೈಲ್ಸಿನ ಬೆನ್ನಿಗೂ ತೆಳುವಾಗಿ ಅಂಟು ಸವರಿ ಇಟ್ಟು, ಕರಣೆಯ ಹಲ್ಲು ಮೂಡಿಸಿದ ಸಾಲುಗಳಿಗೆ ಅಡ್ಡವಾಗಿ ಹಿಂದೆ ಮುಂದೆ ಜರುಗಿಸುತ್ತಾ ಒತ್ತಿದರೆ ಸಾಲುಗಳು ಕುಸಿದು ಒಂದಾಗುತ್ತವೆ. ನಾಲ್ಕೈದಕ್ಕೆ ಒಂದನ್ನು ಕಿತ್ತು ಬೆನ್ನು ನೋಡಿ. ಒದ್ದೆ ಜಾಗದಲ್ಲಿ ಶೇ. 95 ಅಂಟು ಹತ್ತಿರಬೇಕು. ಒಂದು ಸಲಕ್ಕೆ ಹತ್ತು ನಿಮಿಷದಲ್ಲಿ ಮುಗಿಯುವಷ್ಟೇ ಜಾಗಕ್ಕೆ ಅಂಟು ಹರಡಿ. ಬೆರಳಿಟ್ಟಾಗ ಮೆತ್ತಿಕೊಳ್ಳದಿದ್ದರೆ ಮೇಲೆ ಪೊರೆ ಕಟ್ಟಿದೆ, ಕೆರೆದು ತೆಗೆಯಿರಿ.

ಸಂದಿಗೆ 3 ಮಿ.ಮೀ. ಸ್ಪೇಸರ್ (ಸಂದು ಸಮನಾಗಿರಲು ನಡುವೆ ಇಡುವ ಚಿಕ್ಕ ತುಂಡು), ಗೋಡೆಯ ಬದಿ 6 ಮಿ.ಮೀ. ಜಾಗ. ಸಂದಿನಲ್ಲಿ ಉಕ್ಕಿದ ಅಂಟನ್ನು ಹಸಿಯಿರುವಾಗಲೇ ತೆಗೆಯಬೇಕು. ಒಣಗಿದ ಮೇಲೆ ಕೆರೆಯಲು ಹೋದರೆ ಟೈಲ್ಸಿನ ಅಂಚು ಮುಕ್ಕಾಗುತ್ತದೆ.

ಸಂದು ತುಂಬುವ ಗ್ರೌಟ್ ಕನಿಷ್ಠ 24 ಗಂಟೆಯ ನಂತರ. 8 ಮಿ.ಮೀ. ದಪ್ಪದ ಈ ಅಳತೆಯ ಟೈಲ್ಸ್‌ಗೆ 4 ಚದರ ಮೀಟರಿಗೆ ಸುಮಾರು 1 ಕೆ.ಜಿ. ಸಿಮೆಂಟ್ ಗ್ರೌಟ್ ಹಿಡಿಯುತ್ತದೆ. ರಬ್ಬರ್ ಕರಣೆಯನ್ನು ಸಂದಿಗೆ ಓರೆಯಾಗಿ ಎಳೆಯಿರಿ. ನೇರ ಎಳೆದರೆ ತುಂಬಿದ್ದನ್ನು ಅದೇ ಕಿತ್ತುಕೊಂಡು ಬರುತ್ತದೆ. ಗ್ರೌಟ್ ಬಿಗಿಯುತ್ತಿದ್ದಂತೆ, ಬಿಗಿಯಾಗಿ ಹಿಂಡಿದ ಸ್ಪಂಜಿನಿಂದ ಒರೆಸಿ. ಇಲ್ಲೇ ಹೆಚ್ಚಿನವರ ಕೆಲಸ ಕೆಡುವುದು: ನೀರು ಸೋರುವ ಸ್ಪಂಜು ಬಣ್ಣವನ್ನು ತೊಳೆದುಬಿಡುತ್ತದೆ, ಒಣಗಿದಾಗ ಸಂದು ಅಲ್ಲಲ್ಲಿ ಬೆಳ್ಳಗಾಗಿ ಪುಡಿ ಉದುರುತ್ತದೆ. ಕೊನೆಯಲ್ಲಿ ಉಳಿಯುವ ಬಿಳಿ ಪೊರೆಗೆ ಒಣ ಬಟ್ಟೆ ಸಾಕು.

ಗೋಡೆ ಮತ್ತು ನೆಲ ಸೇರುವ ಮೂಲೆಗೆ ಗ್ರೌಟ್ ತುಂಬಬೇಡಿ. ಎರಡೂ ಬೇರೆ ಬೇರೆಯಾಗಿ ಹಿಗ್ಗಿ ಕುಗ್ಗುವುದರಿಂದ ಅಲ್ಲಿ ಗ್ರೌಟ್ ಬಿರುಕು ಬಿಡುತ್ತದೆ. ಅದಕ್ಕೆ ಬೂಷ್ಟು ತಡೆಯುವ ಸಿಲಿಕೋನ್ ಹಾಕಿ, 24 ಗಂಟೆ ನೀರು ತಾಗಿಸಬೇಡಿ.