ಡೆಟ್ರಾಯಿಟ್‌ನಲ್ಲಿ ಎರಡು ದಿನ: ಅಮ್ಮ ಮೆನು ಕೈಗೆತ್ತಿಕೊಂಡದ್ದು

ಅಪ್ಪ, ಅಮ್ಮ ಕೊಪ್ಪದಿಂದ ನಮ್ಮ ಮನೆಗೆ, ಒಹಾಯೊದ ಕೊಲಂಬಸ್‌ಗೆ, ಬಂದು ಒಂದು ತಿಂಗಳಾಗಿತ್ತು. ಒಂದು ಶನಿವಾರ ಹತ್ತಿರದ ಊರೊಂದನ್ನು ತೋರಿಸಲು ಕರೆದೊಯ್ದು, ಮಧ್ಯಾಹ್ನ ಹೋಟೆಲಿಗೆ ಹೋದೆವು. ಮೆನುವಿನಲ್ಲಿ ತರಕಾರಿ ಸೂಪ್ ಇತ್ತು. ಮಾಂಸ ಇದೆಯೇ ಎಂದು ಕೇಳಿದೆ, ಇಲ್ಲ ಎಂದರು. ಅಮ್ಮ ಅರ್ಧ ಬಟ್ಟಲು ಕುಡಿದಿದ್ದಳು. ಮಗನ ಊಟದ ಬಗ್ಗೆ ಬೇರೇನೋ ವಿಚಾರಿಸುವಾಗ, ಆ ಸೂಪಿಗೆ ಹಾಕಿದ್ದು ಕೋಳಿ ಬೇಯಿಸಿ ಬಸಿದ ನೀರು ಎಂದು ಗೊತ್ತಾಯಿತು. ಅಮ್ಮ ಚಮಚ ಕೆಳಗಿಟ್ಟಳು. ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಮನೆಗೆ ಬಂದವಳೇ ಸ್ನಾನ ಮಾಡಿ, ಬರೀ ಮಜ್ಜಿಗೆ ಕುಡಿದು ಮಲಗಿದಳು.

ಅಲ್ಲಿಂದ ಮುಂದೆ ಎರಡು ತಿಂಗಳು, ಎಲ್ಲಿಗೆ ಹೊರಟರೂ ಅಮ್ಮನ ಚೀಲದಲ್ಲಿ ಬುತ್ತಿ. ಚಪಾತಿ, ಪುಳಿಯೋಗರೆ, ಮೊಸರನ್ನ. ಬುತ್ತಿಯಲ್ಲಿ ತಪ್ಪೇನಿಲ್ಲ. ಆದರೆ ನಾವೆಲ್ಲ ಒಳಗೆ ಊಟ ಮಾಡಿ ಬರುವ ತನಕ ಅವಳೊಬ್ಬಳೇ ಕಾರಿನಲ್ಲಿ ಕೂತು ಮೊಸರನ್ನ ತಿನ್ನುವುದನ್ನು ನೋಡಿ ನನಗೆ ಗಂಟಲು ಕಟ್ಟುತ್ತಿತ್ತು. ಅಕ್ಟೋಬರ್‌ನಲ್ಲಿ ಡೆಟ್ರಾಯಿಟ್‌ಗೆ ಹೋಗುವುದೆಂದು ಗೊತ್ತಾದಾಗ ಒಂದು ನಿಶ್ಚಯ ಮಾಡಿದೆ. ಈ ಸಲ ಅಮ್ಮ ಎಲ್ಲರ ಜೊತೆ ಕೂತು, ತನಗೆ ಬೇಕಾದದ್ದನ್ನು ತಾನೇ ಆರಿಸಿಕೊಂಡು ಊಟ ಮಾಡಬೇಕು.

ಡೆಟ್ರಾಯಿಟ್ ಸುತ್ತಮುತ್ತ, ಟ್ರಾಯ್, ನೋವೈ, ಕ್ಯಾಂಟನ್‌ಗಳ ಕಡೆ ನಮ್ಮವರ ಹೋಟೆಲುಗಳಿಗೆ ಬರವಿಲ್ಲ. ಆದರೆ ಮೂರು ಗಂಟೆಗೂ ಹೆಚ್ಚು ಕಾರು ಓಡಿಸಿಕೊಂಡು ಹೋಗಿ ಮಸಾಲೆ ದೋಸೆ ತಿಂದು ಬರುವುದಕ್ಕೆ ನನಗೆ ಮನಸ್ಸಾಗಲಿಲ್ಲ. ಮೆನುವಿನ ಮೂಲೆಯಲ್ಲಿ ಎಲೆಯ ಚಿತ್ರ ಹಾಕಿದ ಒಂದೆರಡು ತಿನಿಸುಗಳನ್ನು ಹುಡುಕುವುದನ್ನೂ ಬಿಟ್ಟೆ. ಬೇಳೆ, ಕಾಳು, ಬದನೆಕಾಯಿ ಯಾರ ಮನೆಯ ದಿನನಿತ್ಯದ ಊಟವೋ ಅವರ ಹೋಟೆಲಿಗೆ ಹೋಗೋಣ ಎಂದು ಯೋಚಿಸಿದೆ. ಹಾಗೆ ಯೋಚಿಸಿದ ಕೂಡಲೇ ದಾರಿ ಡಿಯರ್‌ಬಾರ್ನ್‌ಗೆ ತಿರುಗಿತು.

ಡಿಯರ್‌ಬಾರ್ನ್ ಡೆಟ್ರಾಯಿಟ್‌ಗೆ ಅಂಟಿಕೊಂಡೇ ಇರುವ ಊರು. ಫೋರ್ಡ್ ಕಂಪನಿಯ ತವರು. ಕಾರು ಕಾರ್ಖಾನೆಯ ಕೆಲಸ ಹುಡುಕಿ ಲೆಬನಾನಿನಿಂದ, ಯೆಮನ್‌ನಿಂದ ಬಂದವರು ಇಲ್ಲಿ ನೆಲೆಯೂರಿದರು. ಆಮೇಲೆ ಯುದ್ಧಗಳಿಂದ ತಪ್ಪಿಸಿಕೊಂಡವರೂ ಬಂದು ಸೇರಿದರು. 2020ರ ಜನಗಣತಿಯ ಪ್ರಕಾರ ಈ ಊರಿನ ಅರ್ಧಕ್ಕಿಂತ ಹೆಚ್ಚು ಜನ ಅರಬ್ ಮೂಲದವರು. ವಾರೆನ್ ಅವೆನ್ಯೂದಲ್ಲಿ ಅಂಗಡಿಯ ಬೋರ್ಡುಗಳೆಲ್ಲ ಇಂಗ್ಲಿಷ್ ಮತ್ತು ಅರಬಿಯಲ್ಲಿ ಜೊತೆಜೊತೆಗೇ ಇರುತ್ತವೆ.

ಗುರುವಾರ ಮಧ್ಯಾಹ್ನ ಮೂರು ಗಂಟೆಗೆ ಫೋನು ಹಿಡಿದು ಕೂತೆ. ಆ ಹೊತ್ತಿಗೆ ಊಟದ ಗದ್ದಲ ಮುಗಿದಿರುತ್ತದೆ, ರಾತ್ರಿಯದು ಶುರುವಾಗಿರುವುದಿಲ್ಲ, ಅಡುಗೆಮನೆಯವರು ಫೋನಿಗೆ ಸಿಗುತ್ತಾರೆ. "ಇದು ಸಸ್ಯಾಹಾರವೇ" ಎಂದು ನಾನು ಈಗ ಯಾರನ್ನೂ ಕೇಳುವುದಿಲ್ಲ. ಆ ಪ್ರಶ್ನೆಗೆ ಎಲ್ಲರೂ ಹೌದು ಎನ್ನುತ್ತಾರೆ, ಕೋಳಿಯ ನೀರು ಅವರ ಲೆಕ್ಕಕ್ಕೆ ಬರುವುದೇ ಇಲ್ಲ. ಬೇಳೆ ಸೂಪನ್ನು ಯಾವುದರಲ್ಲಿ ಬೇಯಿಸುತ್ತೀರಿ? ಶಾವಿಗೆ ಬೆರೆಸಿದ ಅನ್ನಕ್ಕೆ ನೀರು ಹಾಕುತ್ತೀರೋ, ಕೋಳಿಯ ಸಾರು ಹಾಕುತ್ತೀರೋ? ವಡೆಯಂಥ ಫಲಾಫೆಲ್ ಕರಿಯುವ ಎಣ್ಣೆಯಲ್ಲಿ ಬೇರೇನು ಕರಿಯುತ್ತೀರಿ? ಬೆಳ್ಳುಳ್ಳಿ ಅರೆದು ಮಾಡುವ ತೂಮ್‌ಗೆ ಮೊಟ್ಟೆಯ ಬಿಳಿಭಾಗ ಬೀಳುತ್ತದೆಯೇ? ಹೀಗೆ ಬಿಡಿಬಿಡಿಯಾಗಿ ಕೇಳಿದರೆ ಉತ್ತರವೂ ಬಿಡಿಬಿಡಿಯಾಗಿ, ನಿಜವಾಗಿ ಬರುತ್ತದೆ. ಮೂರು ಕಡೆ ಕೇಳಿದೆ. ಮೂರನೆಯ ಹೋಟೆಲಿನ ಹೆಂಗಸು ನನ್ನ ಪ್ರಶ್ನೆಗಳನ್ನೆಲ್ಲ ತಾಳ್ಮೆಯಿಂದ ಕೇಳಿಸಿಕೊಂಡು, ಒಳಗೆ ಹೋಗಿ ವಿಚಾರಿಸಿ ಬಂದರು. ಸೂಪಿಗೆ ಬರೀ ನೀರು, ಅನ್ನಕ್ಕೆ ಮಾತ್ರ ಕೋಳಿಯ ಸಾರು, ಫಲಾಫೆಲ್‌ಗೆ ಬೇರೆಯೇ ಬಾಣಲೆ, ತೂಮ್‌ಗೆ ಮೊಟ್ಟೆ ಇಲ್ಲ. "ಅಮ್ಮನನ್ನು ಕರೆದುಕೊಂಡು ಬನ್ನಿ, ನಾವು ನೋಡಿಕೊಳ್ಳುತ್ತೇವೆ" ಎಂದರು. ಊಟದ ಜಾಗ ಅಲ್ಲಿಗೆ ಗಟ್ಟಿಯಾಯಿತು.

ಶುಕ್ರವಾರ ಸಂಜೆ ತಲುಪಿದಾಗ ಮಗನ ಹಟ ಪಿಜ್ಜಾಕ್ಕೆ. ಡೆಟ್ರಾಯಿಟ್ ಪಿಜ್ಜಾ ಚೌಕಾಕಾರದ್ದು. 1946ರಲ್ಲಿ ಬಡ್ಡೀಸ್ ಎಂಬಲ್ಲಿ ಶುರುವಾದದ್ದು. ಕಾರು ಕಾರ್ಖಾನೆಗಳಲ್ಲಿ ಸಣ್ಣ ಬಿಡಿಭಾಗಗಳನ್ನು ಇಟ್ಟುಕೊಳ್ಳುತ್ತಿದ್ದ ನೀಲಿ ಉಕ್ಕಿನ ತಟ್ಟೆಗಳಲ್ಲೇ ಅದನ್ನು ಬೇಯಿಸುತ್ತಿದ್ದರಂತೆ. ಚೀಸ್ ತಟ್ಟೆಯ ಅಂಚಿನವರೆಗೂ ಹರಡಿ, ಅಲ್ಲಿ ಕರಗಿ ಕೆಂಪಾಗಿ ಸೀದು, ಒಳ್ಳೆಯ ಕಾವಲಿಯಿಂದ ಎಬ್ಬಿಸಿದ ದೋಸೆಯ ಅಂಚಿನ ಹಾಗೆ ಗರಿಗರಿಯಾಗುತ್ತದೆ. ಟೊಮ್ಯಾಟೊ ಸಾಸ್ ಚೀಸಿನ ಮೇಲೆ ಪಟ್ಟೆ ಪಟ್ಟೆಯಾಗಿ ಬರುತ್ತದೆ. ಮೂಲೆಯ ತುಂಡೇ ಅದರಲ್ಲಿ ಶ್ರೇಷ್ಠ, ಎರಡು ಕಡೆ ಅಂಚು ಸಿಗುತ್ತದೆ. ಆದರೆ ಕೆಲವು ಚೀಸ್‌ಗಳಿಗೆ ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪು ಹಾಕುತ್ತಾರೆ. ನಾವು ಹೋದ ಜಾಗದಲ್ಲಿ ಕೇಳಿದರೆ ತಮ್ಮ ಚೀಸ್ ಯಾವ ಬಗೆಯದೆಂದು ಹೇಳಲು ಅವರಿಗೆ ಆಗಲಿಲ್ಲ. ನಾನು ಅದನ್ನು ಅಮ್ಮನಿಗೆ ಹಾಗೆಯೇ ಹೇಳಿದೆ. ಹಿರಿಯರಿಗೆ ಗೊತ್ತಾಗುವುದಿಲ್ಲವಲ್ಲ ಎಂದು ಸುಮ್ಮನೆ ಬಡಿಸಿಬಿಡುವವರನ್ನು ಕಂಡಿದ್ದೇನೆ, ನನಗೆ ಅದು ಸಹಿಸುವುದಿಲ್ಲ. ಅಮ್ಮ ಬೇಡವೆಂದಳು. ಹಸಿ ತರಕಾರಿ, ಹುರಿದ ಆಲೂಗಡ್ಡೆ ಮತ್ತು ಒಂದು ಲೋಟ ವರ್ನರ್ಸ್ ತೆಗೆದುಕೊಂಡಳು. ವರ್ನರ್ಸ್ ಇದೇ ಊರಿನಲ್ಲಿ ಹುಟ್ಟಿದ ಶುಂಠಿ ಸೋಡಾ, 1866ರಿಂದ ಇದೆಯಂತೆ. ಶುಂಠಿಯ ಕಾರ ಮೂಗಿಗೇರಿದಾಗ ಅವಳ ಮುಖ ಅರಳಿತು. ಆದರೂ ಅದು ಊಟವಲ್ಲ. ಕೋಣೆಗೆ ಹೋಗಿ ಬುತ್ತಿ ಬಿಚ್ಚಿದೆವು.

ಶನಿವಾರ ಬೆಳಿಗ್ಗೆ ಈಸ್ಟರ್ನ್ ಮಾರ್ಕೆಟ್. ಶೆಡ್ಡಿನಿಂದ ಶೆಡ್ಡಿಗೆ ಸೇಬು, ಕುಂಬಳ, ಮೆಣಸಿನಕಾಯಿ. ಅಪ್ಪ ಒಂದು ಗಂಟೆ ಕುಂಬಳಗಳ ಮಧ್ಯೆಯೇ ಕಳೆದರು.

ಹನ್ನೊಂದೂವರೆಗೆಲ್ಲ ಡಿಯರ್‌ಬಾರ್ನ್‌ನ ಆ ಹೋಟೆಲಿನಲ್ಲಿದ್ದೆವು. ಅಪ್ಪನಿಗೆ ಸಕ್ಕರೆ ಕಾಯಿಲೆ, ಊಟ ತಡವಾಗಬಾರದು. ಶನಿವಾರ ಹನ್ನೆರಡೂವರೆ ದಾಟಿದರೆ ಬಾಗಿಲಲ್ಲಿ ಕಾಯಬೇಕಾಗುತ್ತದೆ. ಕೂತ ಕೂಡಲೇ, ಏನೂ ಹೇಳುವ ಮೊದಲೇ, ಒಲೆಯಿಂದ ಆಗ ತಾನೆ ತೆಗೆದ ರೊಟ್ಟಿ ಬಂತು. ಚೆಂಡಿನ ಹಾಗೆ ಉಬ್ಬಿತ್ತು. ಅಮ್ಮ ಬೆರಳಿನಿಂದ ಒತ್ತಿದಾಗ ಬಿಸಿ ಉಗಿ ಹೊರಗೆ ಬಂತು. ಜೊತೆಗೆ ಗುಲಾಬಿ ಬಣ್ಣದ ಉಪ್ಪಿನಕಾಯಿ. ಟರ್ನಿಪ್ ಗೆಡ್ಡೆಯನ್ನು ಬೀಟ್‌ರೂಟಿನ ಜೊತೆ ಉಪ್ಪುನೀರಿನಲ್ಲಿ ಹಾಕಿಟ್ಟಿರುತ್ತಾರೆ. ಅಮ್ಮ ಒಂದು ಹೋಳು ಕಚ್ಚಿ, "ಇದಕ್ಕೆ ಎಷ್ಟು ದಿನ ಬೇಕಂತೆ, ಕೇಳು" ಎಂದಳು.

ಆಮೇಲೆ ಮೆನುವನ್ನು ಅವಳ ಕೈಗೇ ಕೊಟ್ಟೆ. ಪ್ರತಿಯೊಂದನ್ನೂ ಕನ್ನಡದಲ್ಲಿ ಹೇಳುತ್ತಾ ಹೋದೆ. ಬಾಬಾ ಗನೂಜ್ ಎಂದರೆ ಬದನೆಕಾಯಿ ಸುಟ್ಟು, ಸಿಪ್ಪೆ ಸುಲಿದು, ಎಳ್ಳಿನ ಪೇಸ್ಟು ಮತ್ತು ನಿಂಬೆರಸ ಹಾಕಿ ಕಲಸಿದ್ದು. "ಸುಟ್ಟ ಗೊಜ್ಜು" ಎಂದಳು. ಫಲಾಫೆಲ್ ಕಡಲೆಕಾಳಿನದು. "ಆಂಬೊಡೆಯ ಅಣ್ಣನೋ ತಮ್ಮನೋ." ಮುಜದ್ದರ ಎಂದರೆ ಚನ್ನಂಗಿಬೇಳೆ ಮತ್ತು ಅಕ್ಕಿ, ಇಲ್ಲವೇ ಗೋಧಿನುಚ್ಚು, ಒಟ್ಟಿಗೆ ಬೇಯಿಸಿ ಮೇಲೆ ಕಂದು ಬಣ್ಣ ಬರುವ ತನಕ ಹುರಿದ ಈರುಳ್ಳಿ ಹಾಕಿದ್ದು. ಅವಳು ಸುಮಾರು ಹೊತ್ತು ಮೆನು ಹಿಡಿದುಕೊಂಡಿದ್ದಳು. ಮೂರು ತಿಂಗಳಲ್ಲಿ ಮೊದಲ ಸಲ ಅವಳ ಮುಂದೆ ಬೇಡವೆನ್ನುವುದಕ್ಕಿಂತ ಬೇಕೆನ್ನುವುದು ಹೆಚ್ಚಿತ್ತು. ಕೊನೆಗೆ ಮುಜದ್ದರವನ್ನು ಆರಿಸಿದಳು, ಗೋಧಿನುಚ್ಚಿನದು. ಜೊತೆಗೆ ಬೇಳೆ ಸೂಪ್. ಆ ಮಾತು ಅವಳ ಬಾಯಿಂದ ಬಂದದ್ದು ನನಗೆ ದೊಡ್ಡದಾಗಿ ಕಂಡಿತು. ಸೂಪು ಬಂದಾಗ ಜೀರಿಗೆಯ ಪರಿಮಳ, ಅಂಚಿನಲ್ಲಿ ನಿಂಬೆಹೋಳು. ಹಿಂಡಿ, ಕಲಕಿ, ಬಟ್ಟಲು ಖಾಲಿ ಮಾಡಿದಳು.

ಪ್ರಮಾಣದ ಬಗ್ಗೆ ಒಂದು ಮಾತು. ಐದು ಜನಕ್ಕೆ ನಾವು ತರಿಸಿದ್ದು ಎರಡು ಮುಖ್ಯ ಊಟ, ಮೂರು ಸಣ್ಣ ತಟ್ಟೆ, ಗರಿಗರಿ ರೊಟ್ಟಿಚೂರು ಬೆರೆಸಿದ ಹಸಿ ತರಕಾರಿಯ ಒಂದು ಫತ್ತೂಶ್, ಸೂಪು. ಮುಜದ್ದರ ಅರ್ಧ ಉಳಿಯಿತು, ಡಬ್ಬಿ ಕೇಳಿ ಕಟ್ಟಿಸಿಕೊಂಡೆ. ಕೋಣೆ ಹಿಡಿಯುವಾಗ ಫ್ರಿಜ್ಜು, ಮೈಕ್ರೊವೇವ್ ಇದೆಯೇ ಎಂದು ನೋಡಿಕೊಳ್ಳುವುದು ಇದಕ್ಕಾಗಿಯೇ. ಮಿಷಿಗನ್‌ನಲ್ಲಿ ಮಾರಾಟ ತೆರಿಗೆ ಶೇ. 6, ಊರಿನ ಪ್ರತ್ಯೇಕ ತೆರಿಗೆ ಇಲ್ಲ. ನಮ್ಮ ಊಟಕ್ಕೆ 80 ಡಾಲರ್ ಆಗಿತ್ತು, ಅದರ ಮೇಲೆ 4 ಡಾಲರ್ 80 ಸೆಂಟ್ ತೆರಿಗೆ. ಟಿಪ್ಸ್ ಶೇ. 20 ಇಟ್ಟೆ. ಬಡಿಸಿದ ಹುಡುಗಿ ಪ್ರತಿ ತಟ್ಟೆ ಇಡುವಾಗಲೂ ಅಮ್ಮನ ಕಡೆ ನೋಡಿ, ಇದು ನಿಮಗೆ ಆಗುತ್ತದೆ ಎಂದು ಸನ್ನೆ ಮಾಡುತ್ತಿದ್ದಳು. ಅವಳಿಗೆ ಕೊಟ್ಟದ್ದು ಹೆಚ್ಚೆಂದು ನನಗೆ ಅನ್ನಿಸಲಿಲ್ಲ.

ರಾತ್ರಿ ಯೆಮನಿ ಕಾಫಿ ಅಂಗಡಿಗೆ ಹೋದೆವು. ಈ ಅಂಗಡಿಗಳು ತಡರಾತ್ರಿಯವರೆಗೂ ತೆರೆದಿರುತ್ತವೆ, ಮಕ್ಕಳುಮರಿ ಎಲ್ಲ ಬಂದು ಕೂತಿರುತ್ತಾರೆ. ಗಾಜಿನ ಹೂಜಿಯಲ್ಲಿ ಕಾಫಿ, ಅದರ ಕೆಳಗೆ ಆರದಂತೆ ಪುಟ್ಟ ಮೇಣದ ದೀಪ. ಅಪ್ಪನಿಗೆ ಏಲಕ್ಕಿ ಹಾಕಿದ ಕಾಫಿ ಹಿಡಿಸಿತು. ಕಾಫಿ ತೋಟದಲ್ಲೇ ಬೆಳೆದವರಿಗೆ ಯೆಮನ್ ಎಂದರೆ ಬಾಬಾ ಬುಡನ್‌ರ ಕಥೆ. ಮೋಖಾ ಬಂದರಿನಿಂದ ಏಳು ಬೀಜ ತಂದು ಚಂದ್ರದ್ರೋಣದಲ್ಲಿ ಬಿತ್ತಿದರೆಂಬ ಐತಿಹ್ಯ. ಅಪ್ಪ ಅದನ್ನು ಹೇಳಿದರು, ನಾನು ಇಂಗ್ಲಿಷಿಗೆ ಮಾಡಿ ಕೌಂಟರಿನ ಹುಡುಗನಿಗೆ ದಾಟಿಸಿದೆ. ಅವನು ಒಳಗೆ ಹೋಗಿ ಒಂದು ತಟ್ಟೆಯಲ್ಲಿ ಏನೋ ತಂದು ಅಪ್ಪನ ಮುಂದಿಟ್ಟ. ಒಣಗಿದ, ಕಂದು ಬಣ್ಣದ, ಹಗುರವಾದ ಚೂರುಗಳು.

ಅಪ್ಪನಿಗಿಂತ ಮೊದಲು ಅಮ್ಮ ಕೈ ಹಾಕಿದಳು. ಬೆರಳುಗಳ ನಡುವೆ ಉಜ್ಜಿ ಮೂಸಿದಳು. "ಇದು ಚೆರಿ ಕಾಫಿಯ ಹೊಟ್ಟಲ್ಲವೇನೇ? ನಾವು ಗೊಬ್ಬರದ ಗುಂಡಿಗೆ ಸುರಿಯುವುದು!" ಹೌದು, ಅದೇ. ಬೀಜದಿಂದ ಬೇರ್ಪಟ್ಟ ಹಣ್ಣಿನ ಒಣ ಸಿಪ್ಪೆ. ಯೆಮನ್‌ನಲ್ಲಿ ಅದನ್ನು ಶುಂಠಿ, ದಾಲ್ಚಿನ್ನಿಯ ಜೊತೆ ಕುದಿಸಿ ಕುಡಿಯುತ್ತಾರೆ. ಅದರ ಹೆಸರು ಕಿಶ್ರ್. ಒಂದು ಹೂಜಿ ತರಿಸಿದೆವು. ಚಹಾದ ತೆಳು ಬಣ್ಣ, ಒಣದ್ರಾಕ್ಷಿಯಂಥ ಸಿಹಿ, ಆಮೇಲೆ ಶುಂಠಿ. ಅಮ್ಮ ಎರಡು ಲೋಟ ಕುಡಿದಳು. ಹುಡುಗ ಸಿಪ್ಪೆಯ ಚೂರುಗಳನ್ನು ಕಾಗದದಲ್ಲಿ ಕಟ್ಟಿಕೊಟ್ಟ, ದುಡ್ಡು ತೆಗೆದುಕೊಳ್ಳಲಿಲ್ಲ.

ಭಾನುವಾರ ಬೆಳಿಗ್ಗೆ ಮುಜದ್ದರ ಬಿಸಿ ಮಾಡಿಕೊಂಡು ತಿಂದು ಹೊರಟೆವು. ದಾರಿಯಲ್ಲಿ ಶಾಟಿಲಾ ಬೇಕರಿಯಲ್ಲಿ ಮಗನಿಗೆ ಪಿಸ್ತಾ ಬಕ್ಲಾವ ಕೊಂಡೆ. ಟೊಲಿಡೊ ದಾಟುವ ಮೊದಲೇ ಡಬ್ಬಿ ಖಾಲಿಯಾಗಿತ್ತು. ಅಮ್ಮನ ಬುತ್ತಿಯ ಚಪಾತಿಗಳಲ್ಲಿ ನಾಲ್ಕು ಹಾಗೆಯೇ ಉಳಿದಿದ್ದವು.

ಡಿಸೆಂಬರ್‌ನಲ್ಲಿ ಅವರು ಊರಿಗೆ ಹೋದರು. ಜನವರಿಯಲ್ಲಿ ಒಂದು ದಿನ ಅಮ್ಮನ ಫೋನು. ಹಿತ್ತಲಿನ ಎರಡು ಗಿಡಗಳಿಗೆ ಈ ವರ್ಷ ಔಷಧಿ ಹೊಡೆಯಲು ಬಿಟ್ಟಿರಲಿಲ್ಲವಂತೆ. ಅದರ ಹಣ್ಣನ್ನು ಬೇರೆಯಾಗಿ ಒಣಗಿಸಿ, ಒನಕೆಯಲ್ಲಿ ಕುಟ್ಟಿ, ಹೊಟ್ಟು ಕೇರಿ ಇಟ್ಟುಕೊಂಡು, ನೆಂಟರು ಬಂದಾಗ ಕಷಾಯ ಮಾಡಿ ಕೊಟ್ಟಳಂತೆ. "ಶುಂಠಿ ಸ್ವಲ್ಪ ಹೆಚ್ಚಾಯಿತು. ಆ ಹುಡುಗ ಎಷ್ಟು ಹಾಕುತ್ತಾನೆ ಎಂದು ಅಲ್ಲಿಗೆ ಹೋದಾಗ ಕೇಳಿ ಹೇಳು" ಎಂದಳು.