ಪುಣೆಯ ತಾರಸಿಯಿಂದ ಹಬಲ್ ದೂರದರ್ಶಕದ ಜಾಡು ಹಿಡಿಯುವ ಬಗೆ

1990ರ ಏಪ್ರಿಲ್ 24ರಂದು ಡಿಸ್ಕವರಿ ನೌಕೆಯಲ್ಲಿ ಮೇಲೇರಿದ ಹಬಲ್ ಬಾಹ್ಯಾಕಾಶ ದೂರದರ್ಶಕವನ್ನು ನೋಡಲು ನಮಗೆ ದೂರದರ್ಶಕ ಬೇಕಿಲ್ಲ. 13 ಮೀಟರಿಗಿಂತ ತುಸು ಉದ್ದವಿರುವ ಆ ಹೊಳೆಯುವ ಕೊಳವೆ ನೆತ್ತಿಯ ಸಮೀಪ ಹಾಯುವಾಗ ಸುಮಾರು ಧ್ರುವ ನಕ್ಷತ್ರದಷ್ಟು, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಬೆಳಗುತ್ತದೆ. ಅದರ ಕಕ್ಷೆ ಭೂಮಧ್ಯರೇಖೆಗೆ 28.5 ಡಿಗ್ರಿ ಓರೆಯಾಗಿರುವುದರಿಂದ ಲಂಡನ್ನಿನವರಿಗೆ ಅದು ಕ್ಷಿತಿಜದ ಮೇಲೆ ಬರುವುದೇ ಇಲ್ಲ, 18.5 ಡಿಗ್ರಿ ಅಕ್ಷಾಂಶದ ಪುಣೆ, 19ರ ಮುಂಬೈ, 15.5ರ ಪಣಜಿ ಮಾತ್ರ ಸರಿಯಾಗಿ ಅದರ ದಾರಿಯ ಕೆಳಗಿವೆ.

ಒಮ್ಮೆ ನೋಡಿ ಬೆರಳು ತೋರಿಸುವುದು ಸುಲಭ. ಇಲ್ಲಿ ಹೇಳಹೊರಟಿರುವುದು ವಾರಗಟ್ಟಲೆ ಅದರ ಬೆನ್ನುಹತ್ತಿ, ಅದು ಇಳಿಯುತ್ತಿರುವುದನ್ನು ನಮ್ಮದೇ ಗಡಿಯಾರದಲ್ಲಿ ಗುರುತಿಸುವ ಬಗೆಯನ್ನು. ಹಬಲ್‌ಗೆ ಕಕ್ಷೆಯನ್ನು ಎತ್ತರಿಸಿಕೊಳ್ಳುವ ಸ್ವಂತ ಎಂಜಿನ್ ಇಲ್ಲ. 2009ರಲ್ಲಿ ಗಗನಯಾತ್ರಿಗಳು ಕೊನೆಯ ಬಾರಿ ಅದನ್ನು ದುರಸ್ತಿ ಮಾಡಿ ಬಂದರು; ಅಲ್ಲಿಂದೀಚೆಗೆ ಅದನ್ನು ಮೇಲೆತ್ತಿದವರಿಲ್ಲ. 2024ರ ಜೂನ್‌ನಿಂದ ಅದು ದಿಕ್ಕು ಹಿಡಿಯಲು ಒಂದೇ ಗೈರೋ (ತಿರುಗುವಿಕೆ ಅಳೆಯುವ ಉಪಕರಣ) ನಂಬಿಕೊಂಡು ಕೆಲಸ ಮಾಡುತ್ತಿದೆ. ಅಷ್ಟು ಎತ್ತರದಲ್ಲೂ ಉಳಿದಿರುವ ತೆಳುವಾದ ಗಾಳಿ ಅದನ್ನು ದಿನವೂ ಒಂದಿಷ್ಟು ಕೆಳಗೆಳೆಯುತ್ತದೆ, ಸೂರ್ಯನ ಚಟುವಟಿಕೆ ಹೆಚ್ಚಿದ ವರ್ಷಗಳಲ್ಲಿ ಆ ಗಾಳಿ ಹಿಗ್ಗಿ ಎಳೆತ ಇನ್ನೂ ಜೋರಾಗುತ್ತದೆ.

ಮೊದಲು ಬೇಕಾದದ್ದು ಕಕ್ಷೆಯ ದತ್ತಾಂಶ. ಸೆಲೆಸ್‌ಟ್ರ್ಯಾಕ್ ತಾಣದಲ್ಲಿ ಹಬಲ್‌ನ ಕ್ರಮಸಂಖ್ಯೆ 20580 ಕೊಟ್ಟು ಹುಡುಕಿದರೆ, ತಲಾ 69 ಅಕ್ಷರಗಳ ಎರಡು ಸಾಲು ಸಿಗುತ್ತವೆ. ಬಳಕೆದಾರರು ಇದನ್ನು ಟಿಎಲ್‌ಇ (ಟೂ ಲೈನ್ ಎಲಿಮೆಂಟ್) ಎನ್ನುತ್ತಾರೆ. ನೋಡಲು ಲಾಟರಿ ಚೀಟಿಯಂತಿದ್ದರೂ ನಮಗೆ ಬೇಕಾದವು ಮೂರೇ ಅಂಕಿ. ಮೊದಲ ಸಾಲಿನ 19ರಿಂದ 32ನೇ ಸ್ಥಾನದವರೆಗೆ ದತ್ತಾಂಶದ ದಿನಾಂಕವಿದೆ: 25032.5 ಎಂದಿದ್ದರೆ 2025ರ 32ನೇ ದಿನ, ಅಂದರೆ ಫೆಬ್ರವರಿ 1ರ ಮಧ್ಯಾಹ್ನ, ಗ್ರೀನಿಚ್ ಲೆಕ್ಕದಲ್ಲಿ. ನಮ್ಮ ಗಡಿಯಾರದಲ್ಲಿ ಸಂಜೆ ಐದೂವರೆ. ಎರಡನೇ ಸಾಲಿನಲ್ಲಿ ಕಕ್ಷೆಯ ಓರೆಯೂ, 53ರಿಂದ 63ನೇ ಸ್ಥಾನದಲ್ಲಿ ದಿನಕ್ಕೆ ಎಷ್ಟು ಸುತ್ತು ಎಂಬ ಸರಾಸರಿ ಗತಿಯೂ ಇರುತ್ತವೆ. ಕೊನೆಯಲ್ಲಿರುವ ಒಟ್ಟು ಸುತ್ತುಗಳ ಸಂಖ್ಯೆಯನ್ನು ನೆಚ್ಚಬೇಡಿ. ಅಲ್ಲಿ ಐದು ಅಂಕಿಗಷ್ಟೇ ಜಾಗ, ಹಬಲ್ ತನ್ನ ಲಕ್ಷದ ಸುತ್ತನ್ನು 2008ರಲ್ಲೇ ಮುಗಿಸಿದೆ.

ಈ ಎರಡು ಸಾಲುಗಳನ್ನು, ಉಪಗ್ರಹ ಯಾವಾಗ ಎಲ್ಲಿ ಕಾಣುತ್ತದೆ ಎಂದು ಲೆಕ್ಕ ಹಾಕಿಕೊಡುವ ಜಿಪ್ರೆಡಿಕ್ಟ್ ಅಥವಾ ಸ್ಟೆಲೇರಿಯಮ್ ತಂತ್ರಾಂಶಕ್ಕೆ ಊಡಿಸಿ, ನಿಮ್ಮ ಊರಿನ ಅಕ್ಷಾಂಶ, ರೇಖಾಂಶ, ಎತ್ತರಗಳನ್ನು ತುಂಬಿರಿ, ಪುಣೆಯಾದರೆ 18.52 ಉತ್ತರ, 73.86 ಪೂರ್ವ, ಸುಮಾರು 560 ಮೀಟರ್. ಸೂರ್ಯಾಸ್ತದ ಮುಕ್ಕಾಲು ಗಂಟೆಯ ಬಳಿಕದ ಒಂದು ತಾಸು, ಇಲ್ಲವೇ ಸೂರ್ಯೋದಯಕ್ಕೆ ಮುಂಚಿನ ಅಂಥದೇ ಒಂದು ತಾಸು ನಮ್ಮ ಅವಕಾಶ: ನಾವು ಕತ್ತಲಲ್ಲಿರಬೇಕು, ಅದು ಬಿಸಿಲಲ್ಲಿರಬೇಕು. ಕಕ್ಷೆಯ ತಲವೇ ನಿಧಾನವಾಗಿ ತಿರುಗುವುದರಿಂದ ಒಳ್ಳೆಯ ಸಂಜೆಗಳು ಸುಮಾರು ಏಳು ವಾರಗಳಿಗೊಮ್ಮೆ ಮರಳುತ್ತವೆ. ಮಳೆಗಾಲದ ನಾಲ್ಕು ತಿಂಗಳು ಸಹ್ಯಾದ್ರಿಯ ಈ ಕಡೆ ಏನನ್ನೂ ನಿರೀಕ್ಷಿಸದಿರುವುದೇ ಜಾಣತನ.

ಹಬಲ್ ಪಶ್ಚಿಮದ ಕಡೆಯಿಂದ ಎದ್ದು ಪೂರ್ವದ ಕಡೆ ಸಾಗುತ್ತದೆ. ಮಿಣುಕುವುದಿಲ್ಲ, ಕೆಂಪು ಹಸಿರು ದೀಪಗಳಿಲ್ಲ. ನಮ್ಮ ಸೊಸೈಟಿಯ ತಾರಸಿಗೆ ಒಣಹಾಕಿದ ಹಪ್ಪಳ ತೆಗೆಯಲು ಬಂದಿದ್ದ ಧಾರವಾಡದ ಅಜ್ಜಿಯೊಬ್ಬರು ‘ಲೋಹಗಾಂವಕ್ಕ ಇಳಿಯೋ ವಿಮಾನ ಇರಬೇಕ ತಗೀರಿ’ ಎಂದು ನಕ್ಕರು. ಆ ಬೆಳಕು ನಡುಬಾನಿನಲ್ಲಿ, ದೀಪ ಸಣ್ಣ ಮಾಡಿದಂತೆ, ಎರಡು ಮೂರು ಸೆಕೆಂಡಿನಲ್ಲಿ ಇಲ್ಲವಾದಾಗ ಹಪ್ಪಳದ ತಟ್ಟೆ ಹಿಡಿದೇ ನಿಂತುಬಿಟ್ಟರು. ಅದು ಭೂಮಿಯ ನೆರಳಿಗೆ ಇಳಿದ ಕ್ಷಣ.

ಅಳತೆಗೆ ಎರಡು ನಕ್ಷತ್ರ ಸಾಕು. ಜನವರಿ-ಫೆಬ್ರವರಿಯ ಸಂಜೆಗಳಲ್ಲಿ ಕೃತ್ತಿಕೆ, ರೋಹಿಣಿಗಳು ನೆತ್ತಿಯ ಹತ್ತಿರವೇ ಇರುತ್ತವೆ. ಹಾದಿ ಅವುಗಳ ನಡುವೆ ಇರುವ ದಿನವನ್ನು ಆರಿಸಿಕೊಂಡು, ಎರಡನ್ನೂ ಕೂಡಿಸುವ ಕಲ್ಪಿತ ಗೆರೆಯನ್ನು ಹಬಲ್ ದಾಟುವ ಕ್ಷಣಕ್ಕೆ ಸ್ಟಾಪ್‌ವಾಚ್ ಒತ್ತಿ, ಅದೇ ಗೆರೆಗೆ ತಂತ್ರಾಂಶ ಹೇಳಿದ ವೇಳೆಯೊಂದಿಗೆ ಹೋಲಿಸಿ ಬರೆದಿಡಿ. ನೆತ್ತಿಯ ಬಳಿ ಅದು ಸೆಕೆಂಡಿಗೆ ಹೆಚ್ಚುಕಡಿಮೆ ಒಂದು ಡಿಗ್ರಿ ಜಾರುತ್ತದೆಯಾದ್ದರಿಂದ ಸ್ವಲ್ಪ ಅಭ್ಯಾಸವಾದ ಕೈ ಅರ್ಧ ಸೆಕೆಂಡಿನ ಆಚೀಚೆ ಹಿಡಿಯಬಲ್ಲದು. ದತ್ತಾಂಶ ಹೊಸದಾಗಿದ್ದರೆ ವ್ಯತ್ಯಾಸ ನಿಮ್ಮ ಬೆರಳಿನ ತಪ್ಪಿನಷ್ಟೇ ಇರುತ್ತದೆ. ನಾನೊಮ್ಮೆ ಇಪ್ಪತ್ನಾಲ್ಕು ದಿನ ಹಳೆಯ ಟಿಎಲ್‌ಇ ಇಟ್ಟುಕೊಂಡು ತಾರಸಿಗೆ ಹೋಗಿದ್ದೆ. ಚಾ ಲೋಟ ಕಟ್ಟೆಯ ಮೇಲಿಟ್ಟು ತಲೆ ಎತ್ತುವಷ್ಟರಲ್ಲಿ ಹಬಲ್ ಗೆರೆ ದಾಟಿಯಾಗಿತ್ತು, ಮುನ್ಸೂಚನೆಗಿಂತ ಸುಮಾರು ನಲವತ್ತು ಸೆಕೆಂಡು ಮೊದಲು. ಗಾಳಿಯ ಎಳೆತ ತಡಮಾಡಿಸಬೇಕಲ್ಲವೇ ಎಂದು ಕೇಳಬಹುದು. ಆಗುವುದು ಉಲ್ಟಾ: ಎಳೆತದಿಂದ ಉಪಗ್ರಹ ಕೆಳಗಿಳಿಯುತ್ತದೆ, ಕೆಳಗಿನ ಸುತ್ತು ಚಿಕ್ಕದು, ಅಲ್ಲಿ ವೇಗವೂ ಹೆಚ್ಚು, ಹಾಗಾಗಿ ಅದು ಮುಂಚೆ ಬರುತ್ತದೆ. ತಂತ್ರಾಂಶ ಅಂದಾಜಿಸಿದ್ದಕ್ಕಿಂತ ಎಳೆತ ಜೋರಾಗಿತ್ತು ಎಂಬುದನ್ನು ಆ ನಲವತ್ತು ಸೆಕೆಂಡುಗಳೇ ಹೇಳಿದವು. ಆದ್ದರಿಂದ ನೋಡಲು ಹೊರಟಾಗ ಹೊಸ ದತ್ತಾಂಶವನ್ನೂ, ಎಳೆತವನ್ನು ಅಳೆಯಲು ಬೇಕೆಂದೇ ಉಳಿಸಿಕೊಂಡ ಹಳೆಯದನ್ನೂ ಬಳಸಿ.

ಎತ್ತರವನ್ನು ನೀವೇ ಲೆಕ್ಕ ಹಾಕಬಹುದು. ಸರಾಸರಿ ಗತಿಯನ್ನು ಅದರಿಂದಲೇ ಗುಣಿಸಿ ಘನಮೂಲ ತೆಗೆಯಿರಿ. 42241ನ್ನು ಅದರಿಂದ ಭಾಗಿಸಿದರೆ ಭೂಕೇಂದ್ರದಿಂದ ದೂರ ಕಿಲೋಮೀಟರಿನಲ್ಲಿ ಸಿಗುತ್ತದೆ. 6378 ಕಳೆದರೆ ಎತ್ತರ. ಗತಿ 15.00 ಇದ್ದರೆ 567 ಕಿ.ಮೀ., 15.20 ಇದ್ದರೆ 506. ವಾರಕ್ಕೊಮ್ಮೆ ಈ ಅಂಕಿಯನ್ನು ನೋಟ್‌ಬುಕ್ಕಿನಲ್ಲಿ ಬರೆದು, ಪಕ್ಕದಲ್ಲಿ ಸ್ಟಾಪ್‌ವಾಚಿನ ವ್ಯತ್ಯಾಸವನ್ನೂ ಬರೆಯಿರಿ.

ಕೈ ಕುದುರಿದ ಮೇಲೆ ಗೋವೆಗೆ ಹೋದಾಗ ಭಾರತದ್ದೇ ಬಾಹ್ಯಾಕಾಶ ವೀಕ್ಷಣಾಲಯವಾದ ಆಸ್ಟ್ರೋಸ್ಯಾಟ್‌ಗೆ ಪ್ರಯತ್ನಿಸಿ. ಮುಂಬೈಯ ಟಿಐಎಫ್‌ಆರ್, ಪುಣೆಯ ಐಯುಕಾ ಸಂಶೋಧನಾ ಸಂಸ್ಥೆಗಳೂ ಕೈಜೋಡಿಸಿದ ಆ ಉಪಗ್ರಹ 2015ರ ಸೆಪ್ಟೆಂಬರ್ 28ರಂದು 650 ಕಿ.ಮೀ. ಎತ್ತರಕ್ಕೆ ಏರಿತು; ಐದು ವರ್ಷಕ್ಕೆಂದು ಕಟ್ಟಿದ್ದು, ಅದನ್ನೂ ಮೀರಿ ದುಡಿದಿದೆ. ಅದರ ಓರೆ ಬರೀ 6 ಡಿಗ್ರಿ, ಕನ್ಯಾಕುಮಾರಿಗಿಂತಲೂ ದಕ್ಷಿಣಕ್ಕೇ ಉಳಿಯುತ್ತದೆ. ಪಣಜಿಯಿಂದ ಹೆಚ್ಚೆಂದರೆ 25 ಡಿಗ್ರಿ, ಮುಂಬೈಯಿಂದ 16 ಡಿಗ್ರಿ ಮೇಲೇಳುತ್ತದೆ. ಬರಿಗಣ್ಣನ್ನು ನಂಬದೆ ಬೈನಾಕ್ಯುಲರ್ ಒಯ್ಯಿರಿ, ದಕ್ಷಿಣ ದಿಕ್ಕು ತೆರೆದಿರುವ ಕಡೆ ಕುಳಿತು, ಮುನ್ಸೂಚನೆಗೆ ಒಂದು ನಿಮಿಷ ಮುಂಚೆಯೇ ಕಣ್ಣಿಟ್ಟಿರಿ.