ಸ್ಟೇಷನ್ನಿನಿಂದ ಮನೆಗೆ 11 ನಿಮಿಷ

ಮುಂಬಯಿ ಹತ್ತಿರದ ಡೊಂಬಿವಲಿ ಪೂರ್ವದಲ್ಲಿ ನಮ್ಮ ಮನೆಗೂ ಸ್ಟೇಷನ್ನಿಗೂ ನಡೆದರೆ 11 ನಿಮಿಷ. ದಾರಿಯಲ್ಲಿ ಎರಡು ಬಾರ್, ಒಂದು ವೈನ್ ಶಾಪ್, ಸಂದಿಯೊಳಗೆ ಒಂದು ದೇಶಿ ದಾರು ಅಂಗಡಿ. ನನ್ನ ತಮ್ಮ ಕುಡಿತ ಬಿಡಿಸುವ ಸೆಂಟರ್‌ನಿಂದ ಬಂದ ಮೇಲೆ 19 ದಿನ ಈ ದಾರಿ ದಾಟಿದ. 20ನೇ ದಿನ ಸಂಬಳ ಆಗಿತ್ತು. ಅವತ್ತು ಅವನಿಗೆ ಮನೆ ತಲುಪಲು ನಾಲ್ಕು ಗಂಟೆ ಬೇಕಾಯಿತು. ಐದು ತಿಂಗಳಾದ ಮೇಲೆ ರಕ್ತ ವಾಂತಿ ಮಾಡಿಕೊಂಡು ಹೋದ. 2013ರಲ್ಲಿ. ಅವನಿಗೆ 36 ವರ್ಷ. ಜೇಬಿನಲ್ಲಿದ್ದ ರೈಲ್ವೆ ಪಾಸಿಗೆ ಇನ್ನೂ ಎರಡು ವಾರ ಬಾಕಿ ಇತ್ತು.

ಈಗ ನಾವು ಎಂಟು ಜನ ಆ 11 ನಿಮಿಷವನ್ನೇ ಹಿಡಿದು ಕೆಲಸ ಮಾಡುತ್ತೇವೆ. ಸೆಂಟರ್‌ನಿಂದ ಹೊರಗೆ ಬಂದವರನ್ನು ಸಂಜೆ ಸ್ಟೇಷನ್ನಿನಲ್ಲಿ ಕಾದು, ಜೊತೆಗೆ ನಡೆದು, ಮನೆ ಮುಟ್ಟಿಸುತ್ತೇವೆ. ಅಷ್ಟೇ. "ಕುಡುಕರನ್ನು ಮನೆ ಮುಟ್ಟಿಸೋದೂ ಒಂದು ಸೇವೆಯಾ ಮಾರಾಯಾ" ಅಂತ ನಕ್ಕವರು ಬಹಳ ಜನ. ಅವರಲ್ಲೇ ಇಬ್ಬರು ಈಚೆಗೆ ಫೋನ್ ಮಾಡಿ, ಭಾವನಿಗೆ ಹೇಗೆ ಮಾಡೋದು, ಮಗನಿಗೆ ಹೇಗೆ ಮಾಡೋದು ಅಂತ ಕೇಳಿದರು. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಹಣ ಕಳೆದ ಕಥೆ. ನನ್ನದು ಎಂಟು ಟೇಬಲ್ಲಿನ ತಿಂಡಿ ಹೋಟೆಲು. ತಮ್ಮ ಹೋದ ಮರುವರ್ಷ, ಅವನ ತಿಥಿಯ ದಿನ ಯಾರಾದರೂ ಒಬ್ಬರ ಸೆಂಟರ್ ಫೀಸು ಕಟ್ಟೋಣ ಅಂತ ಮನಸ್ಸು ಮಾಡಿದೆ. ಮೂರು ವರ್ಷದಲ್ಲಿ ಮೂವರಿಗೆ ಕಟ್ಟಿದೆ. ಎಲ್ಲ ಸೇರಿ ಒಂದೂವರೆ ಲಕ್ಷಕ್ಕಿಂತ ಸ್ವಲ್ಪ ಜಾಸ್ತಿ ಆಗಿರಬೇಕು. ಮೂವರೂ ದಪ್ಪಗಾಗಿ, ಕೆನ್ನೆ ತುಂಬಿಕೊಂಡು ವಾಪಸ್ಸು ಬಂದರು. ಮೂವರೂ ಎರಡು ತಿಂಗಳೊಳಗೆ ಮತ್ತೆ ಕುಡಿದರು. ಅವರಲ್ಲಿ ಒಬ್ಬನಿಗೆ ರಿಕ್ಷಾದ ಡಿಪಾಸಿಟ್ಟಿಗೆ ಅಂತ 35,000 ಬೇರೆ ಕೊಟ್ಟಿದ್ದೆ. ರಿಕ್ಷಾ ನಾನು ನೋಡಲೇ ಇಲ್ಲ.

ಸೆಂಟರ್‌ಗಳನ್ನು ದೂರುತ್ತಿಲ್ಲ. 1981ರಲ್ಲಿ ಬಾಂದ್ರಾದಲ್ಲಿ ಕೃಪಾ ಸೆಂಟರ್ ಶುರುವಾಯಿತು, 1986ರಲ್ಲಿ ಪುಣೆಯಲ್ಲಿ ಮುಕ್ತಾಂಗಣ. ಅಂಥ ಜಾಗಗಳಿಂದ ಎಷ್ಟು ಮನೆ ಉಳಿದಿವೆ ಅಂತ ನಮ್ಮ ಕಡೆಯವರಿಗೆ ಗೊತ್ತು. ಸೆಂಟರ್‌ನ ಗೇಟಿನ ಒಳಗೆ ಬಾರ್ ಇಲ್ಲ, ಸಂಬಳ ಇಲ್ಲ, ಸಂಜೆ ಆರೂವರೆಯ ಲೋಕಲ್ ಇಲ್ಲ. ನಾನು ದುಡ್ಡೆಲ್ಲ ಗೇಟಿನ ಒಳಗೇ ಸುರಿದಿದ್ದೆ. ಹೊರಗಿನದ್ದಕ್ಕೆ ಒಂದು ರೂಪಾಯಿ ಇಟ್ಟಿರಲಿಲ್ಲ.

ಹೋಗಲಿ, ಕುಡಿತ ಬಿಟ್ಟವರೇ ಸೇರಿ ನಡೆಸುವ ಎಎ (ಆಲ್ಕೊಹಾಲಿಕ್ಸ್ ಅನಾನಿಮಸ್) ಗುಂಪಿಗೆ ತಮ್ಮನ ಹೆಸರಲ್ಲಿ ಹತ್ತು ಸಾವಿರ ಕೊಡೋಣ ಅಂತ ಕವರಿನಲ್ಲಿ ಹಾಕಿಕೊಂಡು ಹೋದೆ. ತಗೊಳ್ಳಲಿಲ್ಲ! ಹೊರಗಿನವರ ದುಡ್ಡು ಮುಟ್ಟೋದಿಲ್ಲ, ನಮ್ಮ ಖರ್ಚು ನಾವೇ ನೋಡಿಕೊಳ್ಳುತ್ತೇವೆ, ಅದು ನಮ್ಮ ನಿಯಮ ಅಂದರು. ಮುಂಬಯಿಯಲ್ಲಿ 30 ವರ್ಷ ವ್ಯಾಪಾರ ಮಾಡಿದವನು ನಾನು. ಕೊಡುತ್ತೇನೆ ಅಂದ ಹಣವನ್ನು ಬೇಡ ಅಂದವರನ್ನು ಮೊದಲ ಸಲ ನೋಡಿದೆ. ಅಲ್ಲಿದ್ದ ಹಿರಿಯರೊಬ್ಬರು ಚಹಾ ಕೊಟ್ಟು ಕೂರಿಸಿ, 1935ರಲ್ಲಿ ಅಮೆರಿಕದ ಆಕ್ರನ್ ಊರಲ್ಲಿ ಇಬ್ಬರು ಕುಡುಕರು ಎದುರುಬದುರು ಕೂತು ಮಾತಾಡಿ ಎಎ ಶುರುವಾದ ಕಥೆ ಹೇಳಿದರು. "ಅವರ ಹತ್ತಿರವೂ ದುಡ್ಡಿರಲಿಲ್ಲ, ಸಂಜೆ ಇತ್ತು ಅಷ್ಟೇ" ಅಂದರು. ಆ ಮಾತು ತಲೆಯಲ್ಲಿ ಉಳಿಯಿತು.

2016ರ ಮಳೆಗಾಲದಲ್ಲಿ ನಾನೊಬ್ಬನೇ ಶುರು ಮಾಡಿದೆ. ಏಳು ಗಂಟೆಗೆ ಗಲ್ಲಾ ಹೆಂಡತಿಗೆ ಒಪ್ಪಿಸಿ ಸ್ಟೇಷನ್ ಸೇತುವೆಗೆ ಹೋಗಿ ನಿಲ್ಲುತ್ತಿದ್ದೆ. ಮೊದಲ ಐದು ಜನರಲ್ಲಿ ನಾಲ್ವರು ಜಾರಿದರು, ಅಂದರೆ ಮತ್ತೆ ಕುಡಿದರು. ಒಬ್ಬ ಒಂದು ಸ್ಟೇಷನ್ ಮೊದಲೇ ಕೋಪರ್‌ನಲ್ಲಿ ಇಳಿದು, ಕುಡಿದು, ಮುಂದಿನ ಲೋಕಲ್ ಹತ್ತಿ ಬಂದು ನನಗೆ ನಮಸ್ಕಾರ ಮಾಡುತ್ತಿದ್ದ. ಬಾಯಲ್ಲಿ ಏಲಕ್ಕಿ. ಇನ್ನೊಬ್ಬ ನಾನು ಪೂರ್ವಕ್ಕೆ ಕಾಯುತ್ತಿದ್ದರೆ ಪಶ್ಚಿಮಕ್ಕೆ ಇಳಿದು ಹೋಗುತ್ತಿದ್ದ. ಕಲ್ಯಾಣದ ವೆಲ್ಡರ್ ಒಬ್ಬನಂತೂ ಮುಖಕ್ಕೇ ಕೇಳಿದ, "ಹೋಯ್, ನೀವು ಪೊಲೀಸ್ರಾ ಎಂತ?" ಅಂತ. ಎಎಯ ಆ ಹಿರಿಯರೂ ಅದನ್ನೇ ಹೇಳಿದ್ದರು. ಕಾವಲು ಕಾದರೆ ಕುಡಿತ ನಿಲ್ಲುವುದಿಲ್ಲ, ಕಾವಲುಗಾರನಿಗೆ ಸುಳ್ಳು ಹೇಳೋದು ಕಲಿಯುತ್ತಾರೆ ಅಷ್ಟೇ ಅಂತ.

ತಪ್ಪು ನನ್ನಲ್ಲೇ ಇತ್ತು. ಅವರಿಗೆ ನಾನು ಹೋಟೆಲಿನ ಧಣಿ. ಧಣಿಗೆ ಸುಳ್ಳು ಹೇಳೋದು ಯಾರಿಗೂ ಕಷ್ಟ ಅಲ್ಲ. ಆ ಐವರಲ್ಲಿ ಉಳಿದ ಒಬ್ಬ ನಮ್ಮ ಭಟ್ಟರು. ಅಡುಗೆಯವರು, ಒಂದು ವರ್ಷ ಮುಟ್ಟದೆ ಇದ್ದವರು. ಅವರನ್ನು ಸೇತುವೆಗೆ ಕಳಿಸಿದೆ. ಹಾವಿನ ಹೆಜ್ಜೆ ಹಾವಿಗೇ ಗೊತ್ತು. ಯಾವನು ಕೋಪರ್‌ನಲ್ಲಿ ಇಳಿದು ಬಂದಿದ್ದಾನೆ ಅಂತ ಅವರು ಮೆಟ್ಟಿಲು ಹತ್ತುವ ಕಾಲು ನೋಡಿಯೇ ಹೇಳುತ್ತಿದ್ದರು. ಬೈಯುತ್ತಿರಲಿಲ್ಲ. "ನಾನೂ ಹೀಗೇ ಮಾಡ್ತಿದ್ದೆ, ಏಲಕ್ಕಿ ಅಲ್ಲ, ಲವಂಗ" ಅಂದು ನಗುತ್ತಿದ್ದರು. ಆಮೇಲೆ ನಾನು ಹಿಂದೆ ಸರಿದೆ. ಈಗಿರುವ ಎಂಟು ಜನರಲ್ಲಿ ಆರು ಜನ ಕುಡಿತ ಬಿಟ್ಟವರೇ. ನಾನೂ ಇನ್ನೊಬ್ಬರೂ ಮನೆಯವರನ್ನು ಕಳೆದುಕೊಂಡವರು. ನಮ್ಮದು ಬನ್ಸ್, ಲೆಕ್ಕ, ಹೆಂಡತಿಯರ ಫೋನು.

ಬನ್ಸ್ ಅಂದೆನಲ್ಲ, ಬಾಳೆಹಣ್ಣು ಹಾಕಿ ಕಲಸಿ ಕರಿಯುವ ನಮ್ಮ ಕರಾವಳಿಯ ಸಿಹಿ ತಿಂಡಿ. ಕುಡಿತ ಬಿಟ್ಟ ಹೊಸತರಲ್ಲಿ ಸಿಹಿ ತುಂಬಾ ಬೇಕು ಅನ್ನಿಸುತ್ತದೆ. ಹಸಿವು, ಸಿಟ್ಟು, ಒಂಟಿತನ, ದಣಿವು, ಮತ್ತೆ ಕುಡಿಸುವುದು ಈ ನಾಲ್ಕು ಅಂತ ಎಎ ಮೀಟಿಂಗಿನಲ್ಲಿ ಹೇಳುತ್ತಾರೆ. ನನ್ನ ಲೆಕ್ಕದಲ್ಲಿ ಮೊದಲನೆಯದನ್ನು ಹಿಡಿದರೆ ಉಳಿದ ಮೂರು ಅರ್ಧಕ್ಕೆ ಇಳಿಯುತ್ತವೆ. ಗಂಟೆಗಟ್ಟಲೆ ಲೋಕಲ್‌ನಲ್ಲಿ ನಿಂತು ಬಂದವನಿಗೆ ಬಾರಿನ ಮೀನು ಫ್ರೈ ವಾಸನೆ ಬರುವ ಮೊದಲೇ ಹೊಟ್ಟೆಗೆ ಏನಾದರೂ ಬೀಳಬೇಕು. ಹೋಟೆಲಿನಲ್ಲಿ ಕಪ್ಪಾದ ಬಾಳೆಹಣ್ಣು ಹೇಗೂ ಇರುತ್ತದೆ. ಇಳಿದ ಐದು ನಿಮಿಷದೊಳಗೆ, ಸೇತುವೆಯ ಮೇಲೆಯೇ ಎರಡು ಬನ್ಸ್. ಚಹಾ ಆಮೇಲೆ. ಒಬ್ಬರಿಗೆ ಶುಗರ್ 300 ದಾಟಿ ಅವರ ಹೆಂಡತಿ ನನಗೆ ಚೆನ್ನಾಗಿ ಬೈದ ಮೇಲೆ ಅಂಥವರಿಗೆ ಹುರಿದ ಶೇಂಗಾ ಕೊಡುತ್ತೇವೆ.

90 ದಿನದ ಲೆಕ್ಕ ಹೀಗೆ. ಮೊದಲ ತಿಂಗಳು ದಿನಾ. ಎರಡನೇ ತಿಂಗಳು ಶನಿವಾರ ಮತ್ತು ಸಂಬಳದ ವಾರ. ಮೂರನೇ ತಿಂಗಳು ಬರೀ ಮೆಸೇಜು: "ಹತ್ತಿದೆ", "ಇಳಿದೆ", "ಬಂದೆ". ಮೂರರಲ್ಲಿ ಒಂದು ಬರದಿದ್ದರೆ ಯಾರಾದರೂ ಹೊರಡುತ್ತಾರೆ. ದಾರಿಯಲ್ಲಿ ಕುಡಿತದ ಮಾತಿಲ್ಲ, ಉಪದೇಶ ಇಲ್ಲ. ಕ್ರಿಕೆಟ್, ಊರಿನ ಕಂಬಳ, ಮಕ್ಕಳ ಶಾಲೆ ಏನಾದರೂ ಮಾತಾಡಬಹುದು. ಸಂಬಳ ಹೆಂಡತಿಯ ಖಾತೆಗೆ ಹೋಗಬೇಕು, ಅದಕ್ಕೆ ಅವನೇ ಒಪ್ಪಬೇಕು. ಒಪ್ಪದಿದ್ದರೆ ನಾವು ಒತ್ತಾಯ ಮಾಡೋದಿಲ್ಲ, ಆದರೆ ಆ ಒಂದು ವಾರ ಇಬ್ಬರು ಜೊತೆಗೆ ನಡೆಯುತ್ತೇವೆ.

ಖರ್ಚು ಕೇಳಿದರೆ ನಗುತ್ತೀರಿ. ಬನ್ಸ್, ಚಹಾ ಸೇರಿ ಒಬ್ಬರಿಗೆ ದಿನಕ್ಕೆ 30 ರೂಪಾಯಿ. ಮೂರು ತಿಂಗಳಿಗೆ ಒಬ್ಬರ ಮೇಲೆ ಎರಡು ಸಾವಿರ ದಾಟೋದಿಲ್ಲ. ಮೊದಮೊದಲು ಪ್ಲಾಟ್‌ಫಾರ್ಮ್ ಟಿಕೆಟ್ಟಿಗೇ ದಿನಾ ಹತ್ತು ರೂಪಾಯಿ ಹೋಗುತ್ತಿತ್ತು. ಒಮ್ಮೆ ಮರೆತು ಟಿಸಿ ಕೈಗೆ ಸಿಕ್ಕಿ ಇನ್ನೂರೈವತ್ತು ಚಿಲ್ಲರೆ ದಂಡ ಕಟ್ಟಿದೆ. ಆಮೇಲೆ ಪಕ್ಕದ ಸ್ಟೇಷನ್ನಿಗೆ ತಿಂಗಳ ಪಾಸು ತೆಗೆದೆವು. ಅದು ಅಗ್ಗ, ಕೋಪರ್‌ನಲ್ಲಿ ಹೋಗಿ ಕಾಯಲೂ ಆಗುತ್ತದೆ. ಈ ಉಪಾಯ ನನ್ನದೇ ಅಂತ ಸ್ವಲ್ಪ ಜಂಬ ಇದೆ.

ಇದುವರೆಗೆ ಸುಮಾರು 30 ಜನರ ಜೊತೆ ನಡೆದಿದ್ದೇವೆ. ವರ್ಷ ದಾಟಿದವರು 16, ಇಲ್ಲವೇ 17. ಇಬ್ಬರು ತೀರಿಕೊಂಡರು. ಕೆಲವರು ಊರಿಗೆ ಹೋದರು, ಸುದ್ದಿ ಇಲ್ಲ. ಲಕ್ಷ ಸುರಿದಾಗ ಮೂರಕ್ಕೆ ಸೊನ್ನೆ ಬಂದಿತ್ತು, ನೆನಪಿರಲಿ.

ಎರಡು ವಿಷಯ ಇಲ್ಲಿ ಬರೆಯೋದಿಲ್ಲ. ಮೊದಲ ದಿನ ಸೇತುವೆ ಇಳಿಯುವ ಮುಂಚೆ ಭಟ್ಟರು ಒಂದು ಪ್ರಶ್ನೆ ಕೇಳುತ್ತಾರೆ. ಅದು ಬರೆದರೆ ಸತ್ತುಹೋಗುತ್ತದೆ, ಬಂದು ಕೇಳಿಸಿಕೊಳ್ಳಿ. ಇನ್ನೊಂದು ಬಾರಿನದು. ಈ ಊರಲ್ಲಿ ಬಾರ್ ನಡೆಸುವವರಲ್ಲಿ ನಮ್ಮ ಕರಾವಳಿಯವರು ಎಷ್ಟಿದ್ದಾರೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಒಂದೇ ಊರಿನ ಜಾತ್ರೆಗೆ ಅವರೂ ನಾವೂ ಚಂದಾ ಕೊಡುತ್ತೇವೆ. ನಮ್ಮ ದಾರಿಯ ಎರಡು ಬಾರುಗಳಲ್ಲಿ ಒಂದರಿಂದ ನಮ್ಮವನು ಯಾರಾದರೂ ಒಳಗೆ ಬಂದು ಕೂತ ತಕ್ಷಣ ನನಗೆ ಮಿಸ್ಡ್ ಕಾಲ್ ಬರುತ್ತದೆ. ಆರ್ಡರ್ ನಿಧಾನ ಆಗುತ್ತದೆ. ಆ ಬಾರಿನವರನ್ನು ಹೇಗೆ ಒಪ್ಪಿಸಿದೆ ಅನ್ನೋದು ನಮ್ಮಿಬ್ಬರಲ್ಲೇ ಇರಲಿ.

ತಪ್ಪುಗಳಲ್ಲಿ ದೊಡ್ಡದು 2020ರ ಮಾರ್ಚ್‌ನಲ್ಲಿ ಆಯಿತು. ಲೋಕಲ್ ನಿಂತಿತು, ದಾರು ಅಂಗಡಿಗಳೂ ಮುಚ್ಚಿದವು. ಸೇತುವೆಯೇ ಇಲ್ಲದ ಮೇಲೆ ನಮ್ಮ ಕೆಲಸ ಏನು ಅಂತ ಕೂತಿದ್ದಾಗ ಫೋನುಗಳು ಶುರುವಾದವು. ಬೆಳಿಗ್ಗೆಯಿಂದಲೇ ಕುಡಿಯುತ್ತಿದ್ದ ಒಬ್ಬರಿಗೆ ಒಮ್ಮೆಲೇ ನಿಂತಿತ್ತು. ಕೈ ನಡುಕ, ಬೆವರು. ಒಳ್ಳೆಯದೇ ಆಯಿತು, ಸಕ್ಕರೆ ನೀರು ಕೊಡಿ, ಎರಡು ದಿನ ಮಲಗಿಸಿ ಅಂತ ಅವರ ಹೆಂಡತಿಗೆ ಹೇಳಿದೆ. ಎರಡನೇ ರಾತ್ರಿ ಫಿಟ್ಸ್ ಬಂತು. ಮೂರನೇ ದಿನ ಗೋಡೆಯ ಮೇಲೆ ಇರುವೆ ಕಾಣಿಸುತ್ತಿತ್ತಂತೆ. ಆಸ್ಪತ್ರೆಯಲ್ಲಿ ಬದುಕಿದರು, ನನ್ನ ಪುಣ್ಯ. ಗ್ಲೂಕೋಸಿಗೆ ಮೊದಲು ವಿಟಮಿನ್ ಬಿ1 ಇಂಜೆಕ್ಷನ್ ಕೊಡಬೇಕು, ಸಕ್ಕರೆ ನೀರಿನ ವೈದ್ಯ ಮಾಡಬೇಡಿ ಅಂತ ಅಲ್ಲಿನ ನರ್ಸ್ ನನಗೆ ಬೈದು ಹೇಳಿಕೊಟ್ಟರು. ದಿನಾ ಕುಡಿಯುವವರು ಬಿಡೋದು ಡಾಕ್ಟರ ಮುಂದೆಯೇ ಆಗಬೇಕು. ನಮ್ಮ ನಡಿಗೆ ಅದು ಮುಗಿದ ಮೇಲಿನದು. ರಾತ್ರಿ ನಮ್ಮಂಥವರಿಗೆ ಫೋನ್ ಮಾಡುವ ಬದಲು ಚಟ ಬಿಡಿಸುವ ಸರ್ಕಾರಿ ಸಹಾಯವಾಣಿ 14446ಕ್ಕೆ ಮಾಡಿ. ಮನಸ್ಸು ತೀರಾ ಕೆಟ್ಟಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416, ಅಲ್ಲಿ ಕನ್ನಡದಲ್ಲೂ ಮಾತಾಡುತ್ತಾರೆ.

ಇನ್ನೊಂದು, ಕದ್ದು ಮಾತ್ರೆ ಹಾಕುವುದು. ಅಕ್ಕಂದಿರೇ, ನಿಮ್ಮ ಸಂಕಟ ಗೊತ್ತು. ಆದರೆ ಡೈಸಲ್ಫಿರಾಮ್ ಮಾತ್ರೆ (ಇದನ್ನು ತಗೊಂಡು ಕುಡಿದರೆ ಮೈ ತಡೆಯೋದಿಲ್ಲ) ಪುಡಿ ಮಾಡಿ ಸಾರಿಗೆ ಹಾಕಬೇಡಿ. ನಮ್ಮವರೊಬ್ಬರ ಮನೆಯಲ್ಲಿ ಹಾಕಿದರು. ಅವನಿಗೆ ಗೊತ್ತಿಲ್ಲ, ಒಂದು ಕ್ವಾರ್ಟರ್ ಕುಡಿದ. ಮುಖ ಕೆಂಪಾಗಿ, ಎದೆ ಹೊಡೆದುಕೊಂಡು, ಬಿಪಿ ಬಿದ್ದು ಎರಡು ದಿನ ಐಸಿಯು. ಬಿಲ್ಲು 40,000 ಮೇಲೆ. ಮಾತ್ರೆ ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಅದರ ಪರಿಣಾಮ ಇರುತ್ತದೆ. ಗೊತ್ತಿದ್ದು, ಡಾಕ್ಟರ್ ಹೇಳಿ, ತಾನೇ ತಗೊಂಡರೆ ಅದು ಔಷಧ. ಆ ಮನುಷ್ಯ ಇವತ್ತಿಗೂ ಹೆಂಡತಿ ಬಡಿಸಿದ ಸಾರನ್ನು ಮೂಸಿ ನೋಡುತ್ತಾನೆ.

ಸಣ್ಣಪುಟ್ಟ ಪ್ರಯೋಗಗಳೂ ಆದವು. ಕೇರಂ ಬೋರ್ಡ್ ಇಟ್ಟೆ, ಪಂದ್ಯಕ್ಕೆ ದುಡ್ಡು ಕಟ್ಟಲು ಶುರು ಮಾಡಿದರು, ತೆಗೆದೆ. ಭಜನೆ ಮಾಡಿಸಿದೆ, ತಾಳ ಹಾಕಲು ಜನ ಬಂದರು, ಬರಬೇಕಾದವರು ಬರಲಿಲ್ಲ. ಗಟ್ಟಿಯಾಗಿ ನಿಂತದ್ದು ಕಷಾಯ. ಶ್ರಾವಣಕ್ಕೆ ಮುಂಚಿನ ಅಮಾವಾಸ್ಯೆ ಇಲ್ಲಿಯವರಿಗೆ ಗಟಾರಿ. ಒಂದು ತಿಂಗಳು ಬಿಡಬೇಕಲ್ಲ ಅಂತ ಅವತ್ತೇ ಎಲ್ಲ ಕುಡಿದು ಮುಗಿಸುವ ದಿನ. ನಮ್ಮ ಕೆಲಸದಲ್ಲಿ ವರ್ಷದ ಅತಿ ಕೆಟ್ಟ ಸಂಜೆ ಅದು. ದಾರು ಅಂಗಡಿ ಮುಚ್ಚುವ ಅಕ್ಟೋಬರ್ 2ರ ಡ್ರೈ ಡೇಗಿಂತ ಅದರ ಹಿಂದಿನ ದಿನ ಹೇಗೆ ಅಪಾಯವೋ ಹಾಗೆ. ಆದರೆ ನಮ್ಮ ಕಡೆ ಅದೇ ಹೊತ್ತಿಗೆ ಆಟಿ ಅಮಾವಾಸ್ಯೆ ಬರುತ್ತದೆ, ಬೆಳಿಗ್ಗೆ ಖಾಲಿ ಹೊಟ್ಟೆಗೆ ಹಾಲೆ ಮರದ ಕೆತ್ತೆಯ (ತೊಗಟೆಯ) ಕಷಾಯ ಕುಡಿಯುತ್ತೇವೆ. 2018ರಿಂದ ಊರಿನ ಬಸ್ಸಿನಲ್ಲಿ ಕೆತ್ತೆ ತರಿಸಿ, ಹೋಟೆಲು ತೆರೆಯುವ ಮುಂಚೆ ಎಲ್ಲರಿಗೂ ಅರ್ಧ ಲೋಟ. ಆಮೇಲೆ ಮೆಂತೆ ಗಂಜಿ. ಮರ ಗುರುತಿಲ್ಲದವರು ಇದಕ್ಕೆ ಕೈ ಹಾಕಬೇಡಿ, ತಪ್ಪು ತೊಗಟೆ ವಿಷ. ಲಿವರ್ ಕೆಟ್ಟವರಿಗೆ ಡಾಕ್ಟರ್ ಬೇಡ ಅಂದಿದ್ದಾರೆ, ಅವರಿಗೆ ಗಂಜಿ ಮಾತ್ರ. ಆ ಕಹಿ ಸಂಜೆಯವರೆಗೂ ನಾಲಿಗೆಯಲ್ಲಿ ಇರುತ್ತದೆ. "ಇದನ್ನು ಕುಡಿದ ಬಾಯಿಗೆ ವಿಸ್ಕಿಯೂ ಬೇಡ ಮಾರಾಯ್ರೇ" ಅಂದ ವೆಲ್ಡರ್. ಹೌದು, ನನ್ನನ್ನು ಪೊಲೀಸ್ ಅಂದವನೇ. ಮೂರು ಸಲ ಜಾರಿ ನಾಲ್ಕನೇ ಸಲ ನಿಂತ. ಈಗ ಸೇತುವೆಯಲ್ಲಿ ಮಂಗಳವಾರ, ಶುಕ್ರವಾರ ಅವನದೇ ಪಾಳಿ.

ಅಮ್ಮ ಮೊದಲು ಒಪ್ಪಿರಲಿಲ್ಲ. ತಮ್ಮನ ತಿಥಿಗೆ ನಾಲ್ಕು ಜನಕ್ಕೆ ಎಲೆ ಹಾಕೋದು ಬಿಟ್ಟು ಕುಡುಕರಿಗೆ ಬನ್ಸ್ ಹಂಚುತ್ತೀಯಲ್ಲ ಮಗಾ ಅಂತ ಅತ್ತಿದ್ದರು. ಈಗ ತಿಥಿಯೂ ಮಾಡುತ್ತೇವೆ, ಬನ್ಸೂ ಕರಿಯುತ್ತೇವೆ. ಹಿಟ್ಟು ಕಲಸೋದು ಅವರೇ, ಜೀರಿಗೆ ಕಮ್ಮಿ ಆಯಿತು ಅಂತ ನನಗೇ ಬೈಯುತ್ತಾರೆ.

ಸೋಮವಾರದಿಂದ ಹೊಸಬರೊಬ್ಬರು ಬರುತ್ತಿದ್ದಾರೆ. ಘಾಟ್ಕೋಪರ್‌ನಲ್ಲಿ ಕೆಲಸ, ನನ್ನ ತಮ್ಮ ದುಡಿಯುತ್ತಿದ್ದ ಕಡೆಯೇ. ಇವತ್ತು ಆರನೇ ದಿನ, ಶನಿವಾರ ಬೇರೆ. ಭಟ್ಟರಿಗೆ ಮೊಣಕಾಲು ನೋವು, ನಾನೇ ಹೋಗಬೇಕು. ಸೇತುವೆ ಸೋರುತ್ತದೆ, ಕೊಡೆ ಎರಡು ತಗೊಂಡಿದ್ದೇನೆ.